ಗುಬ್ಬಿಗೆ ಕೇಳದ ಅಪ್ಪ

ಸ್ನಾನ ಮಾಡಿಸಿದ ಗುಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಅಮ್ಮ ಹೊರಗೆ ತಂದಾಗ, ಲಾರಿ ಓಡಿಸುವ ಅಪ್ಪ ಮಗಳ ಬಲಗಿವಿಗೆ ಬಾಯಿಟ್ಟು, ತನ್ನ ದಪ್ಪ ದನಿಯಲ್ಲಿ, "ಯಾರ ಮನೆ ಕಳ್ಳಿ ನೀನು?" ಎಂದ. ಗುಬ್ಬಿ ನಗಲಿಲ್ಲ. ಮತ್ತೆ ಕೂಗಿದ. ಉಸಿರು ತಾಗಿದ್ದಕ್ಕೆ ಅವಳು ಭುಜ ಕುಗ್ಗಿಸಿ ಕಿವಿ ಉಜ್ಜಿಕೊಂಡಳು, ಅಷ್ಟೇ...

ಆರು ವರ್ಷದ ಆ ಮಗುವಿನ ಎಡಗಿವಿ ಹುಟ್ಟಿನಿಂದಲೇ ಪೂರ್ತಿ ಕಿವುಡು. ಬಲಗಿವಿಗೆ ದಪ್ಪ ಸದ್ದುಗಳಷ್ಟೇ ಕೇಳುತ್ತಿದ್ದವು... ಲಾರಿಯ ಗುಡುಗು, ಅಪ್ಪನ ದನಿ. ಮಾತೂ ತಿಳಿಯಲಿ ಎಂದು ಎರಡು ತಿಂಗಳ ಹಿಂದೆ ಆಪರೇಷನ್ ಮಾಡಿ ಆ ಕಿವಿಯೊಳಗೆ ಸಣ್ಣ ತಂತಿ ಇಳಿಸಿ, ಹೊರಗೊಂದು ಯಂತ್ರ ಕೊಟ್ಟಿದ್ದರು. ಮೊದಲಿದ್ದ ಕೇಳುವಿಕೆಯೂ ಉಳಿದಿತ್ತು. ಯಂತ್ರದಲ್ಲಿ ಬಾತುಕೋಳಿಯಂತೆ ಕೇಳುವ ಅಪ್ಪನನ್ನು ಗುಬ್ಬಿ ಕೈಯನ್ನು ಕೊಕ್ಕು ಮಾಡಿ ಅಣಕಿಸುತ್ತಿದ್ದಳು. ಯಂತ್ರ ಬಿಚ್ಚಿಟ್ಟ ಮೇಲೆ ಕೇಳುವವನೇ ಅವಳ ನಿಜವಾದ ಅಪ್ಪ. ಈಗ ಸ್ನಾನಕ್ಕೆ ಯಂತ್ರ ಬಿಚ್ಚಿದ್ದಾಗ ಅವನೇ ಅವಳಿಗೆ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ ತಲೆಯಾಡಿಸಿದರು. "ಯಂತ್ರ ಚೆನ್ನಾಗಿದೆ. ಮೊದಲಿದ್ದದ್ದು ಹೋಗಿದೆ. ಕಿವಿಯೊಳಗಿನ ಊತ ಇಳಿಯೋ ಮಾತ್ರೆ ಪೂರ್ತಿ ಕೊಟ್ರಾ?"

"ಕೊಟ್ವಿ" ಎಂದಳು ಅಮ್ಮ.

"ಇಲ್ಲ..." ಬಾಗಿಲ ಬಳಿ ನಿಂತಿದ್ದ ಅವಳ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಆ ಮಾತ್ರೆಗೆ ಮಗು ಮುಖ ಊದ್ಕೊಳ್ತಿತ್ತು. ಹಸಿವು, ಹಸಿವು ಅಂತ ಅಳೋದು. ಇವಳು ಹೊಲಿಗೆ ಫ್ಯಾಕ್ಟರಿಗೆ ಹೋಗಿರ್ತಿದ್ಲು, ನೋಡ್ತಾ ಇದ್ದವಳು ನಾನು. ನಿಲ್ಲಿಸಿಬಿಟ್ಟೆ."

"ನನ್ನನ್ನೊಂದು ಮಾತು ಕೇಳ್ಬಾರದಿತ್ತಾ ಅಮ್ಮಾ?" ಎಂದ ಗುಬ್ಬಿಯ ಅಪ್ಪ, ತನ್ನ ತಾಯಿಗೆ.

"ಕೇಳಿದ್ರೆ ಬಿಡ್ತಿದ್ಯೇನೋ? ತಂತಿ ಬೇಡ ಅಂದಾಗ ನನ್ನ ಮಾತು ಯಾರು ಕೇಳಿದ್ರಿ?"

ಅವನು ಡಾಕ್ಟರ ಕಡೆ ತಿರುಗಿದ. "ಕೊಟ್ಟಿದ್ರೆ ಉಳೀತಿತ್ತಾ ಸಾರ್?"

"ಉಳೀಬಹುದಿತ್ತು. ಕೊಟ್ಟಿದ್ರೂ ಹೋಗಬಹುದಿತ್ತು. ಅದು ಯಾರಿಗೂ ಗೊತ್ತಾಗಲ್ಲ. ಇನ್ನೊಂದು ಸಲ ಮಾತ್ರೆ ಕೊಟ್ಟು ನೋಡೋಣ, ಆದ್ರೆ ಆಸೆ ಇಟ್ಕೋಬೇಡಿ."

ಅತ್ತೆಯನ್ನು ಬೈಯಲು ಗುಬ್ಬಿಯ ಅಮ್ಮನ ಎದೆಯಲ್ಲಿ ಎಷ್ಟೊಂದು ಮಾತು ಕುದಿಯುತ್ತಿತ್ತು... ಆದರೆ 'ನಿಮ್ಮಿಂದಲೇ ಹೋಯಿತು' ಎನ್ನಲು ಅವಳ ಬಳಿ ಸಾಕ್ಷಿಯಿರಲಿಲ್ಲ, 'ನಿಮ್ಮಿಂದಲ್ಲ' ಎನ್ನಲು ಮನಸ್ಸು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಗಂಡ ಲಾರಿ ಹತ್ತಿ ಹೋದ. ಅವಳಿಗೂ ಫ್ಯಾಕ್ಟರಿಗೆ ಹೊತ್ತಾಗುತ್ತಿತ್ತು. ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ರಾತ್ರಿಯ ಊಟವನ್ನೂ ಮುಟ್ಟಿರಲಿಲ್ಲ.

"ಬೇರೆ ಯಾರನ್ನಾದ್ರೂ ಇಟ್ಕೋ ಕಣೇ. ನನ್ನ ಕೈಗೆ ಮಗು ಕೊಡಬೇಡ."

ಬೇರೆ ಯಾರಿದ್ದರು? ಅವಳು ಹೊಸ ಮಾತ್ರೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಅದನ್ನು ಅತ್ತೆಯ ಮಡಿಲಲ್ಲಿಟ್ಟಳು.

"ತಿಂಡಿ ಆದ್ಮೇಲೆ ಒಂದು ಕೊಡಿ, ಅತ್ತೆ. ಅತ್ತರೂ... ಕೊಡಿ."