ಕತ್ತಲ ಕೋಣೆಯ ಎಲೆಗಳು

"ಲೈಟ್ ಬಂದ್ ಮಾಡ್ರೀ! ಮೊದ್ಲ ಲೈಟ್ ಬಂದ್ ಮಾಡ್ರೀ!"

ಭುವನೇಶ್ವರಿ ಚೀರಿದಳು. ಪುಣೆಯ ಆ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಹೆಚ್ಚುಕಡಿಮೆ ಎಲ್ಲರದೂ ಮರಾಠಿ. ಅವಳೂ ಅಲ್ಲಿ ಮರಾಠಿಯನ್ನೇ ಆಡುತ್ತಿದ್ದಳು. ಆದರೆ ಸಿಟ್ಟು ನೆತ್ತಿಗೇರಿದಾಗ ಬಾಯಿಗೆ ಬಂದದ್ದು ಮನೆಯ ಕನ್ನಡ!

ಎಂಟು ದಿನಗಳಿಂದ ಕತ್ತಲಲ್ಲಿಟ್ಟು ಕಾಯ್ದ ಎಲೆಗಳು... ಯಾರೋ ಬಾಗಿಲು ತೆರೆದು, ದೀಪ ಹಾಕಿ, ಒಂದೇ ಕ್ಷಣದಲ್ಲಿ ಎಲ್ಲ ಹಾಳು ಮಾಡಿದ್ದರು.

ದೀಪ ಆರಿತು. ಕತ್ತಲಲ್ಲಿ ಗಂಡಸಿನ ದನಿ, ಮೆಲ್ಲಗೆ...

"ಬಂದ್ ಮಾಡೀನ್ರಿ. ಬಯ್ಯೂದು ಮುಗೀತೋ, ಇನ್ನೂ ಅದನೋ?"

ಅವಳು ಬೆಚ್ಚಿದಳು. ಇವನದೂ ಕನ್ನಡ!

ಅದು 1993. ಅವನ ಹೆಸರು ಕಿಶೋರ. ಆ ವಾರವಷ್ಟೇ ಅದೇ ವಿಭಾಗಕ್ಕೆ ಬಂದಿದ್ದ ಸಂಶೋಧಕ. ವಿಜಾಪುರ ಕಡೆಯ ಮನೆತನ, ತಂದೆಗೆ ಮಾರ್ಕೆಟ್ ಯಾರ್ಡಿನಲ್ಲಿ ಹಣ್ಣಿನ ವ್ಯಾಪಾರ.

ಭುವನೇಶ್ವರಿಯ ತಂದೆ ಹುಸೇನಪ್ಪ ಗೌಂಡಿ. ಯಾದಗಿರಿ ಕಡೆಯಿಂದ ಬಂದು ಪುಣೆಯಲ್ಲಿ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಮಗಳನ್ನು ಎಂಎಸ್ಸಿವರೆಗೆ ಓದಿಸಿದ್ದ. ಈಗ ಅವಳಿಗೆ ಪಿಎಚ್‌ಡಿ ಫೆಲೋಶಿಪ್ ಸಿಕ್ಕಿತ್ತು.

ಕಿತ್ತ ಎಲೆಯನ್ನು ಕತ್ತಲಲ್ಲಿಟ್ಟರೆ ನಾಲ್ಕೈದು ದಿನಕ್ಕೆ ಹಳದಿಯಾಗುತ್ತದೆ. ಸೈಟೋಕೈನಿನ್ ಎಂಬ ಬೆಳವಣಿಗೆಯ ಹಾರ್ಮೋನು ಆ ಮುಪ್ಪನ್ನು ತಡೆಯುತ್ತದೆ. ಭುವನೇಶ್ವರಿ ಅದನ್ನು ನುಗ್ಗೆಸೊಪ್ಪಿನ ರಸದಿಂದ ಬೇರ್ಪಡಿಸಿದ್ದಳು. ಅದನ್ನು ಹಚ್ಚಿದ ಗೋಧಿಯ ಎಲೆ ಹನ್ನೆರಡು ದಿನ ಹಸಿರಾಗಿಯೇ ಇರುತ್ತಿತ್ತು!

"ನನ್ನ ಮಗಳು ಎಲಿಗೆ ಮುಪ್ಪ ಬರದಂಗ ಮಾಡ್ತಾಳ!" ಹುಸೇನಪ್ಪ ಕಟ್ಟಡದ ಕೆಲಸದ ಮಂದಿಗೆಲ್ಲ ಹೇಳುತ್ತಿದ್ದ.

ಹಾಳಾದ ಎಲೆಗಳ ಬದಲಿಗೆ ಕಿಶೋರ ಮರುದಿನವೇ ಗೋಧಿ ಬಿತ್ತಿಕೊಟ್ಟ. ಆಮೇಲೆ ಅವಳ ಡಬ್ಬಿಯ ಜೋಳದ ರೊಟ್ಟಿಗೆ ಪಾಲುದಾರನಾದ. ಆಮೇಲೆ... ಅವಳ 'ರೀ' ಹೋಗಿ 'ನೀ' ಬಂತು.

ಮರು ವರ್ಷ ಮೇ ತಿಂಗಳು. ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಸಮಿತಿ ಬರಲಿತ್ತು. ಅವರ ಕಣ್ಣೆದುರಿಗೇ ಹನ್ನೆರಡನೆಯ ದಿನದ ಹಸಿರು ಎಲೆ ತೋರಿಸಬೇಕು. ಅದೇ ವಾರ ಕಿಶೋರನ ಕಾಯಂ ಕೆಲಸದ ಸಂದರ್ಶನ.

ಸಮಿತಿ ಬಂದುಹೋದ ಮೇಲಿನ ಭಾನುವಾರ ಅವಳನ್ನು ಮದುವೆಗೆ ಕೇಳಲು ಅವನು ಕಾತ್ರಜ್‌ನ ಅವಳ ಮನೆಗೆ ಹೋಗುವವನಿದ್ದ. ಅದಕ್ಕೆಂದು ಕೆಲವು ದಿನ ಮೊದಲೇ ತಂದೆಯ ಅಂಗಡಿಯಿಂದ ಒಂದು ಪೆಟ್ಟಿಗೆ ಆಪೂಸು ಮಾವು ತಂದ. ಯಾರ ಕಣ್ಣಿಗೂ ಬೀಳಬಾರದೆಂದು ಕತ್ತಲ ಕೋಣೆಗೆ ಅಂಟಿದ ಸಾಮಾನಿನ ಕೋಣೆಯಲ್ಲಿಟ್ಟ.

ಕತ್ತಲ ಕೋಣೆಯ ಫ್ಯಾನು ಗಾಳಿ ಎಳೆಯುತ್ತಿದ್ದುದು ಆ ಕೋಣೆಯಿಂದಲೇ!

ಮಾಗುವ ಹಣ್ಣಿನಿಂದ ಇಥಿಲೀನ್ ಎಂಬ ಅನಿಲ ಹೊರಡುತ್ತದೆ. ಅದೂ ಸಸ್ಯದ ಹಾರ್ಮೋನೇ, ಆದರೆ ಎಲೆಗೆ ಬೇಗ ಮುಪ್ಪು ತರುವಂಥದ್ದು. ಕಿಶೋರನಿಗೆ ಇದೇನು ಹೊಸದಲ್ಲ. ಆದರೆ ಆ ದಿನ ಅವನು ವಿಜ್ಞಾನಿಯಾಗಿ ಯೋಚಿಸಲಿಲ್ಲ, ಅಳಿಯನಾಗಿ ಯೋಚಿಸಿದ್ದ.

ಸಮಿತಿಯ ಹಿಂದಿನ ಸಂಜೆ ಆ ಬಾಗಿಲು ತೆರೆದಾಗ ಘಮ್ಮೆಂದು ವಾಸನೆ ಬಂತು. ಫ್ಯಾನಿನ ನೆನಪಾದದ್ದು ಆಗಲೇ. ಪೆಟ್ಟಿಗೆ ಹೊತ್ತು ಹಿಂಬಾಗಿಲಿನಿಂದ ಹೊರಬಿದ್ದ.

ಮರುದಿನ ಸಮಿತಿಯ ಮುಂದೆ ತಟ್ಟೆಗಳ ಮುಚ್ಚಳ ತೆಗೆದರೆ... ಎಲೆಗಳೆಲ್ಲ ಹಳದಿ! ಒಂದೂ ಉಳಿದಿರಲಿಲ್ಲ.

ಭುವನೇಶ್ವರಿ ತಕ್ಷಣ ಕೇಳಿದಳು, ಮರಾಠಿಯಲ್ಲಿ, ಎಲ್ಲರೆದುರು: "ಇಲ್ಲಿ ಯಾರಾದರೂ ಹಣ್ಣು ಇಟ್ಟಿದ್ದಿರಾ?"

ಅವಳು ಕಿಶೋರನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು.

"ಕಿಶೋರ, ನೀ ಹೇಳು. ಹಣ್ಣ ಇತ್ತೇನು?"

ಸಮಿತಿಯ ಅಧ್ಯಕ್ಷರೇ ನಾಡಿದ್ದು ಅವನ ಸಂದರ್ಶನಕ್ಕೂ ಕೂರುವವರು. 'ಈಗ ಬೇಡ... ಸಂದರ್ಶನ ಮುಗಿದ ಮ್ಯಾಲೆ ಹೇಳಿದರಾಯ್ತು.'

"ಇಲ್ಲ," ಎಂದ.

ಅವನೇ ಇಲ್ಲವೆಂದ ಮೇಲೆ ಅವಳು ಮತ್ತೆ ಯಾರನ್ನೂ ಕೇಳಲಿಲ್ಲ.

"ಹಾಗಾದರೆ ಹೋದ ವರ್ಷದ ಅಂಕಿಗಳನ್ನು ನೀನೇ ಸೃಷ್ಟಿಸಿ ಬರೆದುಕೊಂಡೆಯಾ?" ಅಧ್ಯಕ್ಷರು ಕೇಳಿದರು. ಫೆಲೋಶಿಪ್ ಅಲ್ಲಿಗೇ ನಿಂತಿತು.

ಕಿಶೋರನಿಗೆ ಕೆಲಸ ಸಿಕ್ಕಿತು. ಹೇಳಬೇಕಾದ ಮಾತು ಒಂದು ದಿನ ತಡವಾಯಿತು, ಒಂದು ವಾರ ತಡವಾಯಿತು. ಆಮೇಲೆ ಅವಳ ಮುಖ ನೋಡುವ ಧೈರ್ಯವೇ ಉಳಿಯಲಿಲ್ಲ. ಮಾತು ಕೊಟ್ಟಿದ್ದ ಆ ಭಾನುವಾರವೂ ಅವನು ಕಾತ್ರಜ್‌ಗೆ ಹೋಗಲಿಲ್ಲ.

'ಇವನೂ ನನ್ನ ಸುಳ್ಳಿ ಅಂದುಕೊಂಡ...' ಭುವನೇಶ್ವರಿ ಹಾಗೆಂದೇ ತಿಳಿದಳು.

ಭೋರ್ ರಸ್ತೆಯ ಖಾಸಗಿ ನರ್ಸರಿಯ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಬಾಳೆಯ ಚೂರುಗಳನ್ನು ಗಾಜಿನ ಬಾಟಲಿಯಲ್ಲಿಟ್ಟು, ಹಾರ್ಮೋನನ್ನು ತೂಗಿ ಹಾಕಿ, ಸಸಿ ಮಾಡುವ ಕೆಲಸ. ಹನ್ನೆರಡು ವರ್ಷಗಳಲ್ಲಿ ಅವಳ ಕೈಯಿಂದ ಲಕ್ಷಗಟ್ಟಲೆ ಸಸಿಗಳು ಹೊಲ ಸೇರಿದವು. ಆದರೆ ಹೆಸರಿನ ಮುಂದೆ 'ಡಾಕ್ಟರ್' ಬರಲಿಲ್ಲ. ಪ್ರತಿ ಅಳತೆಯನ್ನೂ ಮೂರು ಸಲ ತೂಗುವಳು. ತನ್ನ ಕೈಯನ್ನು ತಾನೇ ನಂಬುತ್ತಿರಲಿಲ್ಲ.

ಹುಸೇನಪ್ಪ 2001ರಲ್ಲಿ ತೀರಿಕೊಂಡ.

2006ರ ಬೇಸಿಗೆಯಲ್ಲಿ ನರ್ಸರಿಗೆ ಒಬ್ಬ ಮುದುಕ ಬಾಳೆ ಸಸಿ ಕೇಳಿಕೊಂಡು ಬಂದ. ಸಂಸ್ಥೆಯಲ್ಲಿ ಜವಾನನಾಗಿದ್ದು ನಿವೃತ್ತನಾದ ಗುರಣ್ಣ! ಗುರುತು ಹಿಡಿದು ಕಣ್ಣು ಒರೆಸಿಕೊಂಡ. ಮಾತಿಗೆ ಮಾತು ಬಂದು ಹೇಳಿದ.

"ಕಿಶೋರ ಸಾಹೇಬ್ರು ಆ ಕಮಿಟಿ ಬರೂ ಹಿಂದಿನ ದಿನ ಸಂಜೀಕ ಮಾವಿನಹಣ್ಣಿನ ಪೆಟಗಿ ಹೊತ್ಕೊಂಡು ಹಿಂದಿನ ಬಾಗಲದಿಂದ ಹೋದ್ರು ನೋಡವಾ. ನಿಮ್ಮನಿಗೇ ಒಯ್ತಾರೇನೋ ಅಂತ ನಾ ಸುಮ್ನಿದ್ದೆ..."

ಭುವನೇಶ್ವರಿಯ ಕೈಯಲ್ಲಿದ್ದ ಸಸಿ ಕೆಳಗೆ ಬಿತ್ತು.

ಮರುದಿನ ಅವಳು ಸಂಸ್ಥೆಗೆ ಹೋದಳು. ಕಿಶೋರ ಇನ್ನೇನು ವಿಭಾಗದ ಮುಖ್ಯಸ್ಥನಾಗುವವನು. ಕೂದಲು ನರೆತಿತ್ತು. ಅವಳನ್ನು ಕಂಡು ಎದ್ದು ನಿಂತ.

"ಒಂದ ಮಾತು ಕೇಳ್ತೀನ್ರಿ," ಎಂದಳು. "ಹಣ್ಣ ಇತ್ತೇನು?"

ಅವನು ಮೇಜನ್ನು ಹಿಡಿದುಕೊಂಡ.

"ಇತ್ತು."

"ಗೊತ್ತಿದ್ದೂ ಇಲ್ಲ ಅಂದ್ರಿ?"

"ಹೌದು. ಹೆದರಿದೆ ಭುವನಾ. ನಾ... ನಾ ಮದುವಿ ಆಗಿಲ್ಲ ಇನ್ನೂ. ನಿನ್ನ ಬಿಟ್ಟು—"

"ಅದರಿಂದ ನನಗೇನು ಸಿಕ್ತು?" ಅವಳು ಅವನ ಮಾತನ್ನು ತುಂಡರಿಸಿದಳು. "ನಿಮಗ ನಾ ಸುಳ್ಳಿ ಅನಿಸಿದೆ ಅಂತ ತಿಳಕೊಂಡಿದ್ದೆ. ಅದನ್ನರ ತಡಕೋಬಹುದಿತ್ತು! ನಾ ಖರೆ ಅಂತ ಗೊತ್ತಿದ್ದ ಒಬ್ಬನ ಮನುಷ್ಯ ನೀವು. ನೀವ... ಸುಮ್ನ ಕುಂತ್ರಿ!"

ಅವಳು ಬಾಗಿಲ ಕಡೆ ತಿರುಗಿದಳು.

"ನಮ್ಮಪ್ಪ ಇಲ್ಲ. ನಮ್ಮವ್ವ ಅದಾಳ. ಭಾನುವಾರ ಬಂದು ಆಕಿ ಮುಂದ ಹೇಳ್ರಿ. ಮತ್ತೇನೂ ಬ್ಯಾಡ ನನಗ."

ಭಾನುವಾರ ಮಧ್ಯಾಹ್ನ ಅವನು ಬಂದ, ಬರಿಗೈಯಲ್ಲಿ. ಅವಳ ತಾಯಿ ತಿಪ್ಪವ್ವ ಹೊಸ್ತಿಲ ಬಳಿ ಕೂತಿದ್ದಳು. ಅವನು ನೆಲದ ಮೇಲೆಯೇ ಕೂತು ಒಂದೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ತಿಪ್ಪವ್ವ ಅಳಲಿಲ್ಲ.

"ಅಕಿ ಅಪ್ಪ ಸಾಯೂತನಕ ಕೇಳ್ತಿದ್ದ ತಮ್ಮಾ. 'ನಮ್ಮ ಹುಡುಗಿ ಸುಳ್ಳ ಬರದಾಳೇನ?' ಅಂತ. ಇಲ್ಲ ಅಂತಿದ್ದೆ ನಾ. ಓದಲಾರದಾಕಿ ಮಾತು ಎಷ್ಟಂತ ನಂಬ್ಯಾನು? ನೀ ಆವಾಗ ಒಂದ ಸಲ ಬಂದು ಹೇಳಿದ್ರ... ಹಾಯಾಗಿ ಹೋಗ್ತಿದ್ದ."

ಎದ್ದು ಒಳಗೆ ಹೋದಳು. ಅವನಿಗೆ ನೀರು ಕೂಡ ಕೊಡಲಿಲ್ಲ.

ಭುವನೇಶ್ವರಿ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

"ನಿರ್ದೇಶಕರಿಗೆ ನಿನ್ನೆ ಬರದು ಕೊಟ್ಟೀನಿ," ಎಂದ ಅವನು. "ಎಲ್ಲಾ ಬರದೀನಿ. ಹಳೇ ಫೈಲಿನ್ಯಾಗ ನಿನ್ನ ಹೆಸರಿನ ಮುಂದಿರೂ 'ಸುಳ್ಳ ಅಂಕಿ' ಅನ್ನೂ ಮಾತು ತಗೀತಾರ."

"ನಿಮ್ಮ ಪ್ರಮೋಶನ್?"

"ಹೋತು. ಕೆಲಸಾನೂ ಉಳಿಯೂದು ಕಷ್ಟ."

ಇದನ್ನು ಅವಳು ಕೇಳಿರಲಿಲ್ಲ. ಅವಳು ಕೇಳದೆಯೇ ಅವನು ಮಾಡಿದ ಮೊದಲ ಖರೆ ಕೆಲಸ ಅದು... ಹನ್ನೆರಡು ವರ್ಷ ತಡವಾಗಿ.

ಸ್ವಾರ್‌ಗೇಟ್ ಬಸ್ಸು ಬಂತು.

"ನಾ ಹೋಗ್ತೀನಿ ಭುವನಾ," ಎಂದ, ಅವಳ ಮುಖ ನೋಡದೆ.

ಮನಸ್ಸು ಇನ್ನೂ ಉರಿಯುತ್ತಲೇ ಇತ್ತು. ಕ್ಷಮೆ ಎಂಬುದು ಎಲ್ಲಿಯೂ ಕಾಣಲಿಲ್ಲ. ಆದರೂ ಆ ಒಂದು ಮಾತನ್ನು ಹಾಗೆಯೇ ಬಿಡಲು ಅವಳಿಂದಾಗಲಿಲ್ಲ.

"ಹೋಗ್ತೀನಿ ಅನಬಾರ್ದು," ಎಂದಳು.

ಅವನು ತಿರುಗಿದ.

"ಮತ್ತೇನ ಅನ್ನಲಿ?"

ಅವಳ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ.

"ಬರ್ತೀನಿ ಅನ್ನು."

ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ಆ ಏಕವಚನ ಬಂದಿತ್ತು. ಅವನು ಬಸ್ಸಿನ ಮೆಟ್ಟಿಲೇರಿದ.

"ಬರ್ತೀನಿ..."