ನಲವತ್ತೆರಡನೇ ನಿಮಿಷ

೨೦೦೯ರಲ್ಲಿ ಅಮೆರಿಕದ ಡಿಯರ್‌ಬಾರ್ನಿನ ಕೆಲಸ ಹೋದ ಮೇಲೆ ನನಗೆ ಸಿಕ್ಕಿದ್ದು ಕೋತಿ ನೋಡುವ ಕೆಲಸ. ಆಫ್ರಿಕಾದ ಕಡಲತೀರದ ಕಾಡಿನಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟಿ ತೆಗೆದ ವಿಡಿಯೊ ಡಿಸ್ಕುಗಳನ್ನು ಪ್ರೊಫೆಸರೊಬ್ಬರು ಅಂಚೆಯಲ್ಲಿ ಕಳಿಸುತ್ತಿದ್ದರು. ಹನ್ನೊಂದು ಕೋತಿಗಳು ತಿಂದವೋ, ಹೇನು ಹೆಕ್ಕಿದವೋ, ಸುಮ್ಮನೆ ಕೂತವೋ ಎಂದು ನಿಮಿಷ ನಿಮಿಷಕ್ಕೆ ಬರೆಯಬೇಕು. ಅದೇ ಡಿಸ್ಕನ್ನು ಅಮೆರಿಕದಲ್ಲೇ ಇನ್ನೊಂದು ಊರಾದ ವೆಸ್ಟ್‌ಮಂಟಿನಲ್ಲಿ ಧಾರವಾಡ ಕಡೆಯ ಗುಲ್‌ಶನ್ ಎಂಬಾಕೆಯೂ ನೋಡಿ ಬರೆಯುತ್ತಿದ್ದಳು. ಇಬ್ಬರ ಹಾಳೆ ತಾಳೆಯಾಗದಿದ್ದರೆ ಇಬ್ಬರಿಗೂ ಕೆಲಸವಿಲ್ಲ.

ಏಳನೇ ಡಿಸ್ಕಿನ ನಲವತ್ತೆರಡನೇ ನಿಮಿಷಕ್ಕೆ ಹನ್ನೊಂದೂ ತಿನ್ನುವುದನ್ನು ನಿಲ್ಲಿಸಿದವು. ಹದ್ದು ಬಂದರೆ ಅವು ಮೇಲೆ ನೋಡುತ್ತವೆ, ಹಾವು ಬಂದರೆ ಕೆಳಗೆ. ಅವತ್ತು ನೇರ ನನ್ನ ಕಡೆ ನೋಡಿದವು. ಬೆಳಗಿನ ಹತ್ತು ಗಂಟೆ, ಬೇಸ್‌ಮೆಂಟಿನಲ್ಲಿ ಹೀಟರ್ ಓಡುತ್ತಿತ್ತು. ನನ್ನ ಕತ್ತಿನ ಹಿಂದೆ ಮಾತ್ರ ತಣ್ಣಗಿತ್ತು. ಮತ್ತೆ ಹಾಕಿ ನೋಡಿದೆ. ಅದೇ ನಿಮಿಷಕ್ಕೆ ಮತ್ತೆ ಕತ್ತು ತಣ್ಣಗಾಯಿತು.

ಬಟ್ಟೆ ಒಗೆಯಲು ಇಳಿದು ಬಂದ ಹೆಂಡತಿ ಕೌಸಲ್ಯಾ ಮೆಟ್ಟಿಲ ಮೇಲೇ ನಿಂತಳು. “ಏನ್ರೀ, ಅವು ನಿಮ್ಮನ್ನ ನೋಡ್ತಿಲ್ಲ. ನಿಮ್ಮ ಹಿಂದೆ ನೋಡ್ತಿವೆ.”

“ಹಿಂದೆ ನಿನ್ನ ವಾಷಿಂಗ್ ಮೆಷಿನ್ ಇದೆ ಕಣೆ,” ಎಂದೆ. ತಿರುಗಲಿಲ್ಲ. ಅವಳು ಬಟ್ಟೆ ಬುಟ್ಟಿ ಸಮೇತ ಮೇಲೆ ಹೋದಳು.

ಕಂಡದ್ದನ್ನು ನಾನು ಬರೆದು, ಗುಲ್‌ಶನ್ ಬರೆಯದಿದ್ದರೆ? ‘ವಿಶ್ರಾಂತಿ’ ಎಂದು ಬರೆದು ಕಳಿಸಿದೆ.

ವಾರದ ನಂತರ ಆಕೆ ಮೊದಲ ಸಲ ಫೋನ್ ಮಾಡಿದಳು. “ಅಂಕಲ್, ಏಳನೇ ಡಿಸ್ಕ್, ನಲವತ್ತೆರಡನೇ ಮಿನಿಟಿಗೆ ಏನ್ ಬರದ್ರಿ?”

“ವಿಶ್ರಾಂತಿ.”

“ನಾನೂ ಅದನ್ನ ಬರದೀನ್ರಿ. ಈಗ ಗ್ವಾಡಿಗೆ ಬೆನ್ನು ಹಚ್ಚಿ ಕುಂದರ್ತೀನಿ. ನೀವು?”

“ನಾನೂ.”

ಹಾಳೆಗಳು ತಾಳೆಯಾದವು, ಕೆಲಸ ಉಳಿಯಿತು. ಆ ನಿಮಿಷ ಹನ್ನೊಂದು ಕೋತಿಗಳೂ ವಿಶ್ರಾಂತಿಯಲ್ಲಿದ್ದವು ಎಂದೇ ಪ್ರೊಫೆಸರರ ದಾಖಲೆಯಲ್ಲಿ ಇವತ್ತಿಗೂ ಇದೆ.