ಚಿಕ್ಕಮಲ್ಲಮ್ಮನ ಹಿತ್ತಲು ನಕ್ಷೇಲಿ ಇಲ್ಲ!

"ಏನ್ರೀ, ನಿಮ್ದಾ ಅದು? ಮೊದ್ಲು ಕೆಳಕ್ಕೆ ಇಳ್ಸಿ! ನಮ್ಮ ಹಸ ಹಗ್ಗ ಕಿತ್ಕೊಂಡು ಓಡೋಯ್ತು!"

ಹರವೆಯ ಶಾಲೆ ಮೈದಾನದಲ್ಲಿ ಡ್ರೋನ್ ರಿಮೋಟ್ ಹಿಡಿದು ನಿಂತಿದ್ದ ಕಾವ್ಯಶ್ರೀ ತಿರುಗಿ ನೋಡಿದಳು. ಮೊಣಕಾಲವರೆಗೆ ಕೆಸರು, ಕೈಯಲ್ಲಿ ತುಂಡಾದ ಹಗ್ಗ, ಮುಖದ ತುಂಬ ಸಿಟ್ಟು. ಹೆಸರು ಶಶಿಕುಮಾರ ಅಂತ ಆಮೇಲೆ ಗೊತ್ತಾಯಿತು.

"ಇಳಿಸ್ತೀನಿ, ಇವತ್ತು ಬರೀ ಟ್ರಯಲ್ಲು. ಆದ್ರೆ ನಾಳೆ ಮತ್ತೆ ಹಾರಿಸ್ತೀನಿ. ಹಸೂನ ಒಳಗೆ ಕಟ್ಕೊಳ್ಳಿ."

ಅಬ್ಬಾ, ಎಂಥಾ ಗಟ್ಟಿಗಿತ್ತಿ! ಅವನ ಅರ್ಧ ಸಿಟ್ಟು ಅಲ್ಲೇ ಇಳಿದುಹೋಯಿತು.

ಕಾವ್ಯಶ್ರೀ ಕುದೇರಿನ ಹುಡುಗಿ. ಡ್ರೋನ್ ಹಾರಿಸಿ ಊರೂರಿನ ಮನೆ, ಹಿತ್ತಲುಗಳ ನಕ್ಷೆ ಮಾಡೋ ಕಂಪನಿಯಲ್ಲಿ ಕೆಲಸ. ಹಾರಿಸುವ ಹಿಂದಿನ ದಿನ ಪ್ರತಿ ಮನೆಯ ಸುತ್ತ ನೆಲಕ್ಕೆ ಸುಣ್ಣದ ಗೆರೆ ಹಾಕಬೇಕು. ಮಾರನೇ ದಿನ ಮೇಲಿಂದ ಫೋಟೊ. ಗೆರೆ ಕಂಡಷ್ಟು ಜಾಗ ಮನೆಯವರದು. ಕಾಣದಿದ್ದರೆ... ಖಾಲಿ ಜಾಗ ಅಂತ ಪಂಚಾಯ್ತಿ ಲೆಕ್ಕಕ್ಕೆ!

ಅವತ್ತೇ, ಭಾನುವಾರ ಸಂಜೆ, ಸುಣ್ಣದ ಚೀಲ ಹೊತ್ತವನು ಯಾರು ಅಂದುಕೊಂಡಿರಿ? ಅದೇ ಶಶಿಕುಮಾರ! ತನ್ನ ಮನೆ ಹಿಂದೆ ಗೆರೆ ಎಳೆಯುವಾಗ ಅವನ ದನಿ ಮೆತ್ತಗಾಯಿತು.

"ಅಪ್ಪ ತೀರೋದ್ಮೇಲೆ ನಮ್ಮವ್ವ ಇದೇ ಹಿತ್ತಲಲ್ಲಿ ಹಸ ಕಟ್ಟಿ, ಹೂ ಕಟ್ಟಿ ನನ್ನ ಓದ್ಸಿದ್ದು ಮೇಡಂ. ಇಲ್ಲೇ ಅವಳಿಗೊಂದು ಒಳ್ಳೆ ಮನೆ ಕಟ್ಬೇಕು."

'ಎಂಥ ಮಗ...!' ಕಾವ್ಯಶ್ರೀ ಮನಸ್ಸಿನಲ್ಲೇ ಅಂದುಕೊಂಡಳು.

ಸೋಮವಾರ ಬೆಳಗ್ಗೆ ಅವನು ಫ್ಲಾಸ್ಕಿನಲ್ಲಿ ಕಾಫಿ ತಂದ. ಮಾತಿಗೆ ಮಾತು ಬೆಳೆಯಿತು, ನಗು ಬಂತು, ಹೊತ್ತು ಹೋಗಿದ್ದೇ ತಿಳಿಯಲಿಲ್ಲ.

ತಿಂಗಳಾಯಿತು. ಪಂಚಾಯ್ತಿ ಗೋಡೆಗೆ ಕರಡು ನಕ್ಷೆ ಅಂಟಿಸಿದ ದಿನ ಕಾವ್ಯಶ್ರೀ ಹೊಸ ಚೂಡಿದಾರ ಹಾಕಿಕೊಂಡೇ ಬಂದಿದ್ದಳು. ಶಶಿಕುಮಾರ ನಕ್ಷೆಯ ಮುಂದೆ ಕಲ್ಲಾಗಿ ನಿಂತಿದ್ದ.

"ನಮ್ಮ ಹಿತ್ತಲೆಲ್ಲಿ?"

ಅವಳು ನೋಡಿದಳು. ಮನೆಯಿತ್ತು. ಹಿತ್ತಲಿರಲಿಲ್ಲ!

"ಮೆಂಬರ್ ನಿಂಗಯ್ಯ ಆ ಜಾಗಕ್ಕೆ ಕಣ್ಣಾಕವ್ನೆ. ಅವ್ನ ಮಾತು ಕೇಳಿ ಗೆರೆ ಅಳಿಸ್ಬುಟ್ರಿ, ಅಲ್ವಾ? ನಗ್ತಾ ನಗ್ತಾ ನಮ್ಮ ಕುತ್ಗೆ ಕುಯ್ದ್ಬುಟ್ರಲ್ಲ..."

"ಶಶಿಕುಮಾರ್, ನಾನು ಅಂಥವಳಾ?"

"ಯಾರಿಗ್ಗೊತ್ತು!"

ಅಷ್ಟು ಸಾಕಾಯಿತು. ಚಾಮರಾಜನಗರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಇಳಿದವಳೇ ಕಣ್ಣೊರೆಸಿಕೊಂಡಳು. ಅತ್ತರೆ ಹಿತ್ತಲು ವಾಪಸ್ ಬರುತ್ತದಾ? ಗೆರೆ ಎಲ್ಲಿ ಹೋಯಿತು ಅಂತ ಕಂಡುಹಿಡಿದೇ ತೀರುತ್ತೇನೆ!

ಆಫೀಸಿನಲ್ಲಿ ಹರವೆಯ ಫೋಟೊಗಳನ್ನು ಒಂದೊಂದಾಗಿ ತೆಗೆದಳು. ನೂರಾರು ಫೋಟೊ. ಕೊನೆಗೂ ಆ ಹಿತ್ತಲು ಸಿಕ್ಕಿತು. ದೊಡ್ಡದು ಮಾಡಿದಳು... ಇನ್ನೂ ದೊಡ್ಡದು...

ಅಯ್ಯೋ ಶಿವನೇ!

ನುಗ್ಗೆಮರದ ಪಕ್ಕ ಒಂದು ಮೊಳದಷ್ಟು ಬಿಳಿ ಗೆರೆ ಉಳಿದಿತ್ತು. ಮಿಕ್ಕಿದ್ದೆಲ್ಲ ಹಸಿ ಹಸಿರು. ಅದರ ನಡುವೆ ಬಕೆಟ್ಟು, ಬಗ್ಗಿದ ಒಂದು ಬೆನ್ನು, ಕೆಂಪು ಸೀರೆ. ಶಶಿಕುಮಾರನ ಅವ್ವ ಚಿಕ್ಕಮಲ್ಲಮ್ಮ ಗೆರೆಯ ಮೇಲೇ ಸಗಣಿ ಸಾರಿಸುತ್ತಿದ್ದರು!

ಕಾವ್ಯಶ್ರೀಗೆ ನಗು ಬಂತು. ಮರುಕ್ಷಣವೇ ತನ್ನ ತಪ್ಪು ನೆನಪಾಯಿತು. ಹಾರಿಸುವ ಬೆಳಗ್ಗೆ ಎಲ್ಲ ಗೆರೆಗಳನ್ನೂ ಇನ್ನೊಮ್ಮೆ ನಡೆದು ನೋಡಬೇಕಿತ್ತು. ಆ ಬೀದಿಗೆ ಅವಳು ಹೋಗಿರಲೇ ಇಲ್ಲ.

"ಸುಮ್ನಿದ್ದುಬಿಡಮ್ಮ," ಅಂದರು ಸೂಪರ್‌ವೈಸರ್ ಮಹದೇವ. "ನೋಡಿದ್ದೆ ಅಂತ ಬರೆದು ಸಹಿ ಹಾಕಿದ್ದೀಯ. ಈಗ ಇಲ್ಲ ಅಂದ್ರೆ ನಿನ್ನ ಕೆಲಸಕ್ಕೇ ಕುತ್ತು."

"ಆ ತಾಯಿ ಹಿತ್ತಲು ಹೋಗುತ್ತಲ್ಲ ಸರ್. ಹೇಳೇ ಹೇಳ್ತೀನಿ."

ಆಕ್ಷೇಪಣೆಯ ಸಭೆಗೆ ಊರೇ ಸೇರಿತ್ತು. ಸರ್ವೆ ಅಧಿಕಾರಿಯ ಮುಂದೆ ಕಾವ್ಯಶ್ರೀ ಫೋಟೊ ಇಟ್ಟಳು.

"ಅಯ್ಯೋ, ನಾನೇ ಕಣವ್ವ!" ಚಿಕ್ಕಮಲ್ಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಸೋಮ್ವಾರ, ಮಾದಪ್ಪ ದ್ಯಾವ್ರ ವಾರ. ನೆಲದ್ ಮ್ಯಾಗೆಲ್ಲ ಸುಣ್ಣ ಚೆಲ್ಲಾಡಿತ್ತು. ಗುಡ್ಸಿ ಸಾರಿಸ್ಬುಟ್ಟೆ!"

ಸಭೆ ಗೊಳ್ಳೆಂದಿತು. ಅಧಿಕಾರಿ ನಗಲಿಲ್ಲ. "ಹಾರಿಸೋ ಮೊದಲು ನೀವು ನೋಡಲಿಲ್ವಾ?"

"ಇಲ್ಲ ಸರ್. ನೋಡಿದೆ ಅಂತ ಸುಳ್ಳು ಸಹಿ ಹಾಕ್ದೆ. ತಪ್ಪು ನಂದೇ."

"ಯಾಕೆ ನೋಡಲಿಲ್ಲ?"

ಕಾವ್ಯಶ್ರೀಯ ಕಿವಿ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಶಶಿಕುಮಾರ್ ಜೊತೆ ಮಾತಾಡ್ತಾ ನಿಂತಿದ್ದೆ ಸರ್. ಹೊತ್ತು ಹೋಗಿದ್ದು ತಿಳೀಲಿಲ್ಲ."

ಇಡೀ ಊರು ಶಶಿಕುಮಾರನ ಕಡೆ ತಿರುಗಿತು. ಪಾಪ, ಅವನಿಗೆ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ!

ಆ ಬೀದಿಗೆ ಹೊಸದಾಗಿ ಗೆರೆ ಹಾಕಿ ಮತ್ತೆ ಹಾರಿಸಲು ಆದೇಶವಾಯಿತು. ಆದರೆ ಹಾರಿಸುವವರು ಬೇರೆಯವರು. ಕಾವ್ಯಶ್ರೀಗೆ ಮೂರು ತಿಂಗಳು ಡ್ರೋನ್ ಮುಟ್ಟುವ ಹಾಗಿಲ್ಲ. ಬರೀ ಆಫೀಸ್ ಕೆಲಸ.

ಬಸ್‌ಸ್ಟ್ಯಾಂಡಿಗೆ ಶಶಿಕುಮಾರ ಓಡಿಬಂದ.

"ಅಂಥಾ ಮಾತಾಡ್ಬುಟ್ಟೆ ನಿಮ್ಗೆ... ನನ್ನ ನಾಲ್ಗೆಗಿಷ್ಟು ಬೆಂಕಿ ಹಾಕ!"

"ತುಂಬಾ ನೋವಾಯ್ತು ಶಶಿಕುಮಾರ್."

"ಗೊತ್ತು. ಆವತ್ತಿಂದ ನಂಗೂ ಅನ್ನ ಸೇರಿಲ್ಲ. ಕಾವ್ಯ... ನಾಳೆ ಅವ್ವನ್ನ ಕರ್ಕೊಂಡು ಕುದೇರಿಗೆ ಬತ್ತೀನಿ. ನಿಮ್ಮಪ್ಪಾಜಿನ ಕೇಳ್ತೀನಿ."

"ಅವ್ರು ಒಪ್ದಿದ್ರೆ?"

"ನಾಳಿದ್ದೂ ಬತ್ತೀನಿ. ಒಪ್ಪೋಗಂಟ ಬತ್ತೀನಿ. ನೀವು ಒಪ್ಪಿದ್ದೀರಾ, ಅದನ್ನೇಳಿ ಮೊದ್ಲು."

ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ.

"ಅಷ್ಟು ಜನದ ಮುಂದೆ ಎಲ್ಲಾ ಒಪ್ಕೊಂಡ್ನಲ್ರೀ... ಇನ್ನೂ ಏನು ಒಪ್ಕೋಬೇಕು?"

"ನನ್ನೊಬ್ಬನ ಮುಂದೆ ಹೇಳಿ."

ಅವಳು ಅವನ ಕಣ್ಣನ್ನೇ ನೋಡಿದಳು.

"ಒಪ್ಪಿದ್ದೀನಿ ಕಣೋ..."